ಓದುಗರ ಪ್ರಶ್ನೆ, ನಮ್ಮ ಉತ್ತರ: ಉರುಳಿದರೂ ಚೆಲ್ಲದ ಎಣ್ಣೆಪಾತ್ರೆ

ಪ್ರಶ್ನೆ: ನಮ್ಮದು ಪೊನ್ನಂಪೇಟೆ ತಾಲ್ಲೂಕಿನಲ್ಲಿರುವ ಚಿಕ್ಕ ಕಾಫಿ ತೋಟ. ಮನೆಯ ಹಿಂದಿನ ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕತ್ತಿ ಮಸೆಯುವುದು, ಕಳೆ ಕೊಚ್ಚುವ ಯಂತ್ರದ ಬಿಡಿಭಾಗಗಳನ್ನು ತೊಳೆಯುವುದು, ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಮುನ್ನ ಕೋವಿ ಮತ್ತು ಒಡಿಕತ್ತಿಗಳನ್ನು ಒರೆಸಿ ಎಣ್ಣೆ ಹಚ್ಚುವುದು ಮುಂತಾದ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಕಳೆದ ವರ್ಷ ಸೀಮೆಎಣ್ಣೆ ಹಾಕಿಟ್ಟಿದ್ದ ಡಬ್ಬಿ ಕೈತಾಗಿ ಉರುಳಿ, ಅದೇ ಶೆಡ್ಡಿನಲ್ಲಿ ಜೋಡಿಸಿದ್ದ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿಬೀಜ) ಚೀಲಗಳ ಬುಡ ನೆನೆಯಿತು. ಎರಡು ಚೀಲಗಳನ್ನು ಬೇರೆಯಾಗಿ ಎತ್ತಿಡಬೇಕಾಯಿತು. ಮನೆ ಕಟ್ಟಿಸಿದಾಗ ಉಳಿದ ಪಿವಿಸಿ ಪೈಪಿನ ತುಂಡುಗಳು ಬೇಕಾದಷ್ಟಿವೆ. ಅವುಗಳಿಂದ ಉರುಳಿದರೂ ಚೆಲ್ಲದಂಥ ಪಾತ್ರೆಯೊಂದನ್ನು ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಅದಕ್ಕೂ ಮೊದಲು ಚೀಲಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಒಣಗಿದ ಕಾಫಿ ಸುತ್ತಲಿನ ತೇವವನ್ನು ಹೀರುವಂತೆಯೇ ವಾಸನೆಯನ್ನೂ ಹೀರಿಕೊಳ್ಳುತ್ತದೆ; ಹಾಗೆ ಹಿಡಿದ ಸೀಮೆಎಣ್ಣೆಯ ವಾಸನೆ ಹುರಿದ ಮೇಲೂ ಉಳಿದು ಬಟ್ಟಲಿನವರೆಗೆ ಬರುತ್ತದೆ. ಆದ್ದರಿಂದ ಆ ಎರಡು ಚೀಲಗಳನ್ನು ನೀವು ಬೇರೆಯಾಗಿ ಇಟ್ಟದ್ದು ಸರಿಯಾಗಿದೆ. ಅವುಗಳನ್ನು ಉಳಿದ ಕಾಫಿಯೊಂದಿಗೆ ಯಾವ ಕಾರಣಕ್ಕೂ ಬೆರೆಸಬೇಡಿ. ಚೆಲ್ಲದ ಪಾತ್ರೆ ಬಂದ ಮೇಲೂ ಎಣ್ಣೆಯ ಮೇಜು ಮತ್ತು ಕಾಫಿ ಒಂದೇ ಸೂರಿನ ಕೆಳಗೆ ಇರಕೂಡದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪಾತ್ರೆಯು ದ್ರವವನ್ನು ತಡೆದೀತೇ ಹೊರತು, ಬಾಯಿ ತೆರೆದಿರುವಷ್ಟು ಹೊತ್ತು ಏಳುವ ಆವಿಯನ್ನು ತಡೆಯಲಾರದು.

ಈಗ ಪಾತ್ರೆಯ ವಿಷಯಕ್ಕೆ ಬರೋಣ. ಶಾಲೆಯ ಮೇಜಿನ ಮೇಲೆ ಮಸಿಕುಡಿಕೆ ಇರುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದರ ತತ್ತ್ವ ಹೊಸದಲ್ಲ. ಚೆಲ್ಲದ ಮಸಿಕುಡಿಕೆಯ ಬಾಯಿ ಹೊರಕ್ಕೆ ಚಾಚಿರದೆ ಒಳಮುಖವಾಗಿ ಕೊಳವೆಯಂತೆ ಇಳಿದು, ಕುಡಿಕೆಯ ಹೊಟ್ಟೆಯ ನಡುಭಾಗಕ್ಕೆ ಬಂದು ನಿಲ್ಲುತ್ತಿತ್ತು. ಕುಡಿಕೆ ಅಡ್ಡಬಿದ್ದರೆ ಮಸಿಯು ಕೊಳವೆಯ ಸುತ್ತಲಿನ ಜಾಗದಲ್ಲಿ, ಕೊಳವೆಯ ಬಾಯಿಗಿಂತ ಕೆಳಗೆ ತಂಗುತ್ತಿತ್ತು. ತಲೆಕೆಳಗಾದರೆ ಕೊಳವೆಯ ಬೇರಿನ ಸುತ್ತ ನಿಲ್ಲುತ್ತಿತ್ತು. ಎರಡು ಸ್ಥಿತಿಗಳಲ್ಲಿಯೂ ಹೊರಬರುವ ದಾರಿ ದ್ರವದ ಮಟ್ಟಕ್ಕಿಂತ ಮೇಲೆಯೇ ಉಳಿಯುತ್ತಿತ್ತು. ಮುಚ್ಚಳ, ತಿರುಪು, ರಬ್ಬರು ಯಾವುದೂ ಬೇಕಾಗದೆ ಕೇವಲ ಆಕಾರದಿಂದ ಸಾಧಿಸಿದ ಭದ್ರತೆ ಇದು. ಕೆಲಸದ ನಡುವೆ ಮುಚ್ಚಳವನ್ನು ಯಾರೂ ಹಾಕಿಡುವುದಿಲ್ಲ ಮತ್ತು ಡಬ್ಬಿ ಉರುಳುವುದು ಕೆಲಸದ ನಡುವೆಯೇ. ಹೀಗಾಗಿ ಮುಚ್ಚಳವನ್ನು ನಂಬಿದ ಯಾವ ಡಬ್ಬಿಗಿಂತಲೂ ಈ ಆಕಾರವೇ ಮೇಲು ಎಂದು ನಾನು ತಿಳಿಯುತ್ತೇನೆ.

ಆದರೆ ಇಂಥ ಪಾತ್ರೆಯಲ್ಲಿ ಅರ್ಧದಷ್ಟು ತುಂಬಿದರೂ ಚೆಲ್ಲದು ಎಂದು ಹಲವರು ನಂಬಿದ್ದಾರೆ, ಅದು ತಪ್ಪು. 10 ಸೆಂ.ಮೀ. ಒಳವ್ಯಾಸ, 10 ಸೆಂ.ಮೀ. ಎತ್ತರದ ಪಾತ್ರೆಯನ್ನು ತೆಗೆದುಕೊಳ್ಳಿ. ಅದರ ಒಟ್ಟು ಹಿಡಿತ ಸುಮಾರು 785 ಮಿ.ಲೀ. ಅದರ ನಡುವೆ 50 ಮಿ.ಮೀ. ಪೈಪನ್ನು 5 ಸೆಂ.ಮೀ. ಆಳಕ್ಕೆ ಇಳಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಪಾತ್ರೆ ನೆಟ್ಟಗಿರುವಾಗ 5 ಸೆಂ.ಮೀ.ವರೆಗೂ ತುಂಬಬಹುದೆಂದು ಕಾಣುತ್ತದೆ, ತಲೆಕೆಳಗಾದಾಗಲೂ ಸುಮಾರು 300 ಮಿ.ಲೀ. ನಿಲ್ಲುತ್ತದೆ. ಅಡ್ಡಬಿದ್ದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ದ್ರವದ ಮಟ್ಟ ಕೊಳವೆಯ ಕೆಳ ಅಂಚನ್ನು ಮುಟ್ಟಬಾರದಾದ್ದರಿಂದ ನಿಲ್ಲುವುದು ಬರೀ 170 ಮಿ.ಲೀ. ಆಸುಪಾಸು, ಎಂದರೆ ಒಟ್ಟು ಹಿಡಿತದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಕೊಳವೆಯನ್ನು 32 ಮಿ.ಮೀ.ಗೆ ಇಳಿಸಿದರೆ ಈ ಮಿತಿ ಸುಮಾರು 250 ಮಿ.ಲೀ.ಗೆ ಏರುತ್ತದೆ, ಆದರೆ ಆಗ ಒಂದಿಂಚಿನ ಬ್ರಷ್ ಮಾತ್ರ ಒಳಹೋದೀತು. ಬಿಡಿಭಾಗಗಳನ್ನು ತೊಳೆಯಲು ಒಂದೂವರೆ ಇಂಚಿನ ಬ್ರಷ್ ಬಳಸುವವರು 50 ಮಿ.ಮೀ. ಕೊಳವೆಯನ್ನೇ ಇಟ್ಟುಕೊಂಡು ಕಡಿಮೆ ತುಂಬುವುದು ಒಳ್ಳೆಯದು. ಉರುಳುವ ರಭಸಕ್ಕೆ ದ್ರವ ಒಳಗೆ ಅಲೆಯುವುದರಿಂದ ಲೆಕ್ಕದ ಮಿತಿಯವರೆಗೂ ಹೋಗದೆ 150 ಮಿ.ಲೀ.ಗೆ ನಿಲ್ಲಿಸಿ. ತಳದಿಂದ ಎರಡು ಸೆಂ.ಮೀ.ಗೂ ತುಸು ಕಡಿಮೆ ಎತ್ತರ ಬರುತ್ತದೆ. ಬ್ರಷ್ಷಿನ ಕೂದಲು ಮುಳುಗಲು ಅಷ್ಟು ಧಾರಾಳವಾಗಿ ಸಾಕು.

ಬೇಕಾಗುವ ಸಾಮಾನು ಕೆಲವೇ: 110 ಮಿ.ಮೀ. ಪೈಪಿನ ಒಂದು ಗೇಣಿನೊಳಗಿನ ತುಂಡು, ಅದೇ ಅಳತೆಯ ಎರಡು ಎಂಡ್ ಕ್ಯಾಪ್ (ಪೈಪಿನ ತುದಿ ಮುಚ್ಚುವ ಬಿರಡೆ), 50 ಮಿ.ಮೀ. ಪೈಪಿನ 8 ಸೆಂ.ಮೀ. ತುಂಡು, ಎರಡು ಪೈಪುಗಳನ್ನು ಜೋಡಿಸುವ 50 ಮಿ.ಮೀ. ಕಪ್ಲರ್ ಒಂದು, 50 ಮಿ.ಮೀ. ಎಂಡ್ ಕ್ಯಾಪ್ ಒಂದು, ಮತ್ತು ಪೈಪು ಅಂಟಿಸುವ ಪಿವಿಸಿ ಸೊಲ್ಯೂಷನ್. ಅಂಗಡಿಯಲ್ಲಿ ಬರೀ ‘ನಾಲ್ಕಿಂಚು’ ಎಂದು ಕೇಳಬೇಡಿ. ಶೌಚದ ಮತ್ತು ಮಳೆನೀರಿನ ಕೊಳವೆಗಳು, ತೋಟದ ನೀರಾವರಿಯ ಕೊಳವೆಗಳು 110 ಮಿ.ಮೀ. ಹೊರವ್ಯಾಸದವು, ಮನೆಯ ನಲ್ಲಿ ಕೆಲಸಕ್ಕೆ ಬರುವ ಇಂಚಿನ ಲೆಕ್ಕದ ಬಿಳಿ ಪೈಪಿನಲ್ಲಿ ನಾಲ್ಕಿಂಚು ಎಂದರೆ ಹೊರವ್ಯಾಸ 114.3 ಮಿ.ಮೀ. ಮಾತಿನಲ್ಲಿ ಎರಡಕ್ಕೂ ನಾಲ್ಕಿಂಚು ಎಂದೇ ಹೆಸರಿರುವುದರಿಂದ ಪೈಪು ಒಂದು ಬಗೆಯದು, ಕ್ಯಾಪು ಇನ್ನೊಂದು ಬಗೆಯದಾಗಿ ಮನೆಗೆ ಬಂದ ಮೇಲೆ ಕೂರದೆ ಹೋಗುತ್ತದೆ. ಒಂದೂವರೆ ಇಂಚಿನ ಬಿಳಿ ಪೈಪು ಕೂಡ 48.3 ಮಿ.ಮೀ. ಆಗಿದ್ದು 50ರ ಕಪ್ಲರಿನಲ್ಲಿ ಸಡಿಲವಾಗುತ್ತದೆ. ನಿಮ್ಮಲ್ಲಿ ಉಳಿದಿರುವ ತುಂಡನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ, ಅಲ್ಲಿಯೇ ಕೂರಿಸಿ ನೋಡಿ ತನ್ನಿ. ರಬ್ಬರ್ ರಿಂಗ್ ಇರುವ ಕ್ಯಾಪನ್ನು ಆರಿಸಬೇಡಿ. ಸೀಮೆಎಣ್ಣೆ ತಾಗಿದರೆ ಆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅಂಟಿಸುವ ಬಗೆಯದೇ ಆಗಬೇಕು.

110ರ ಪೈಪನ್ನು 10 ಸೆಂ.ಮೀ. ಉದ್ದಕ್ಕೆ ಹ್ಯಾಕ್ಸಾದಿಂದ ನೇರವಾಗಿ ಕೊಯ್ಯಿರಿ. ಪೈಪಿನ ಸುತ್ತ ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಅಂಚು ಕೂಡುವಂತೆ ಸುತ್ತಿ ಗೆರೆ ಎಳೆದರೆ ಕೊಯ್ತ ಓರೆಯಾಗದು. ಎರಡು ಕ್ಯಾಪುಗಳ ಅಂಚು ನಡುವೆ ಒಂದಕ್ಕೊಂದು ತಾಗುವಷ್ಟು ಆಳವಾಗಿದ್ದರೆ ಪೈಪನ್ನು 12 ಸೆಂ.ಮೀ.ಗೆ ಕೊಯ್ದು, ಒಳಕೊಳವೆಗೆ 9 ಸೆಂ.ಮೀ. ತುಂಡನ್ನು ತೆಗೆದುಕೊಂಡು 6 ಸೆಂ.ಮೀ. ಆಳಕ್ಕೆ ಇಳಿಸಬೇಕು. ಕೊಳವೆಯ ತುದಿ ಪಾತ್ರೆಯ ಎತ್ತರದ ಸರಿಯಾದ ಅರ್ಧಕ್ಕೆ ಬರುವುದೇ ಮುಖ್ಯ. ಒಂದು ಕ್ಯಾಪಿನ ನಡುಬಿಂದುವನ್ನು ಗುರುತಿಸಿ 50 ಮಿ.ಮೀ. ಪೈಪು ಬಿಗಿಯಾಗಿ ತೂರುವಷ್ಟು ತೂತು ಮಾಡಿ. ಬಡಗಿಗಳ ಬಳಿ ದುಂಡನೆ ತೂತು ಕೊಯ್ಯುವ ಹೋಲ್ ಸಾ ಇರುತ್ತದೆ. ಅದು ಸಿಗದಿದ್ದರೆ ವೃತ್ತದ ಒಳಗೆರೆಯ ಉದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು, ನಡುವಿನ ಬಿಲ್ಲೆಯನ್ನು ತೆಗೆದು, ಅರದಿಂದ ಉಜ್ಜಿ ಗೆರೆಯವರೆಗೆ ತನ್ನಿ. ಈ ಕೆಲಸದಲ್ಲಿ ಆತುರ ಬೇಡ. ತೂತು ದೊಡ್ಡದಾದರೆ ಮುಂದಿನ ಎಲ್ಲ ಕಷ್ಟಗಳೂ ಅಲ್ಲಿಂದಲೇ ಹುಟ್ಟುತ್ತವೆ.

ತೆಳುವಾದ ಕ್ಯಾಪಿನ ಅಂಚಿಗೆ ಕೊಳವೆಯನ್ನು ನೇರವಾಗಿ ಅಂಟಿಸಿದರೆ ಹಿಡಿತ ಸಾಲದು. ಸೊಲ್ಯೂಷನ್ ಎಂಬುದು ಪಿವಿಸಿಯ ಮೇಲ್ಮೈಯನ್ನು ಕರಗಿಸಿ ಎರಡು ಭಾಗಗಳನ್ನು ಒಂದಾಗಿಸುವ ದ್ರಾವಣ. ಒತ್ತಿ ಕೂತ ಮೇಲ್ಮೈಗಳನ್ನು ಅದು ಬೆಸೆಯುತ್ತದೆ, ಬಿರುಕನ್ನು ತುಂಬಲಾರದು. ಅದಕ್ಕಾಗಿಯೇ ಕಪ್ಲರನ್ನು ಪಟ್ಟಿಯಲ್ಲಿ ಸೇರಿಸಿದ್ದೇನೆ. ಕಪ್ಲರಿನಿಂದ ಒಂದೂವರೆ ಸೆಂ.ಮೀ. ಅಗಲದ ಬಳೆಯನ್ನು ಕೊಯ್ದು, ಅದರ ಒಂದು ಅಂಚನ್ನು ಉಪ್ಪುಕಾಗದದ ಮೇಲೆ ಉಜ್ಜಿ ಸಮತಟ್ಟಾಗಿಸಿ, ಕೊಳವೆಗೆ ತೊಡಿಸಿ ಅಂಟಿಸಿ. ಆ ಬಳೆ ಕ್ಯಾಪಿನ ಮೇಲೆ ಪೂರ್ತಿಯಾಗಿ ಕೂತು ಅಂಟುವುದರಿಂದ ಹಿಡಿತವೂ ಅಗಲವಾಗುತ್ತದೆ, ಕೊಳವೆಯೂ ಓಲಾಡದೆ ನೆಟ್ಟಗೆ ನಿಲ್ಲುತ್ತದೆ. ಕ್ಯಾಪಿನ ಒಳಮೈಯಲ್ಲಿ ಕೊಳವೆಯ ಸುತ್ತ ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿಯನ್ನು ಮೆತ್ತಿ. ಅದು ಹಿಡಿಯಬೇಕಾದರೆ ಆ ಜಾಗವನ್ನು ಮೊದಲೇ ಒರಟಾಗಿ ಉಜ್ಜಿರಬೇಕು. ಮೇಲಿನ ಕ್ಯಾಪನ್ನು ಪೈಪಿಗೆ ಅಂಟಿಸಿದ ಮೇಲೆ ಒಳಗೆ ಕೈ ಹೋಗದಾದ್ದರಿಂದ ಈ ಎಲ್ಲವನ್ನೂ ಮುಗಿಸಿ, ತಳದ ಕ್ಯಾಪನ್ನೂ ಕೂರಿಸಿ, ಕೊನೆಯಲ್ಲಿ ಮೇಲಿನದನ್ನು ಅಂಟಿಸಬೇಕು. ಎರಡೂ ಮೇಲ್ಮೈಗಳಿಗೆ ತೆಳುವಾಗಿ ಸೊಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ, ಅರ್ಧ ನಿಮಿಷ ಹಾಗೆಯೇ ಅದುಮಿ ಹಿಡಿಯಿರಿ. ಕೊಳವೆಯ ಎರಡೂವರೆ ಸೆಂ.ಮೀ.ಯಷ್ಟು ಭಾಗ ಹೊರಗೆ ನಿಂತಿರಲಿ. 50ರ ಕ್ಯಾಪು ಅದರ ಮೇಲೆ ಅಂಟಿಲ್ಲದೆ ಮುಚ್ಚಳವಾಗಿ ಕೂರುತ್ತದೆ.

ಅಂಟು ಪೂರ್ತಿಯಾಗಿ ಆರಿದ ಮೇಲೆ ಮೊದಲು ನೀರಿನಿಂದಲೇ ಪರೀಕ್ಷೆ ಮಾಡಿ. ಅರಿಶಿನ ಕದಡಿದ 150 ಮಿ.ಲೀ. ನೀರು ಹಾಕಿ, ಬಿಳಿಯ ಬಟ್ಟೆಯ ಮೇಲೆ ಪಾತ್ರೆಯನ್ನು ಅಡ್ಡಲಾಗಿಯೂ ತಲೆಕೆಳಗಾಗಿಯೂ ಒಂದೊಂದು ಗಂಟೆ ಬಿಡಿ. ಜಿನುಗು ಎಲ್ಲಿದ್ದರೂ ಹಳದಿ ಕಲೆ ತೋರಿಸಿಕೊಡುತ್ತದೆ. ಆಮೇಲೆ ಕೈಯಿಂದಲೇ ತಳ್ಳಿ ಉರುಳಿಸಿ ನೋಡಿ. ಈ ಪರೀಕ್ಷೆಯಲ್ಲಿ ನಾಲ್ಕಾರು ಹನಿ ಹೊರಬಿದ್ದರೆ ಅಳತೆಯನ್ನು ಇನ್ನಷ್ಟು ಇಳಿಸಬೇಕೆಂದು ಅರ್ಥ. ಒಳಗಿನ ನೀರು ಚೆನ್ನಾಗಿ ಒಣಗದೆ ಎಣ್ಣೆ ಹಾಕಬೇಡಿ. ಆ ತೇವ ನಿಮ್ಮ ಕತ್ತಿಗೆ ತುಕ್ಕನ್ನು ತಂದೀತು.

ಪಾತ್ರೆ ಚೆಲ್ಲದಿರುವುದು ಒಂದು ಗುಣ, ಉರುಳದೇ ಇರುವುದು ಇನ್ನೂ ದೊಡ್ಡ ಗುಣ. 20 ಸೆಂ.ಮೀ. ಚೌಕದ ದಪ್ಪ ಪ್ಲೈವುಡ್ ಹಲಗೆಯ ಮೇಲೆ ಪಾತ್ರೆಯನ್ನು ಇಟ್ಟು, ಅದರ ಸುತ್ತ ನಾಲ್ಕು ಮರದ ತುಂಡುಗಳನ್ನು ಬಿಗಿಯಾಗಿ ಒತ್ತಿಸಿ ಹಲಗೆಯ ಅಡಿಯಿಂದ ತಿರುಪು ಹಾಕಿ. ಪಾತ್ರೆಯ ತಳಕ್ಕೇ ತಿರುಪು ಹಾಕಿದರೆ ಅಲ್ಲಿಂದಲೇ ಸೋರುತ್ತದೆ. ಹಲಗೆ ಇಲ್ಲದ ಪಾತ್ರೆ ಸುಮಾರು 48 ಡಿಗ್ರಿ ವಾಲಿದರೆ ಬೀಳುವುದಾದರೆ, ಹಲಗೆಯಿರುವುದು 60 ಡಿಗ್ರಿ ದಾಟುವವರೆಗೂ ಮರಳಿ ತನ್ನ ಜಾಗಕ್ಕೆ ಕೂರುತ್ತದೆ. ನಿಮ್ಮ ಭಾಗದ ಶೆಡ್ಡುಗಳ ನೆಲ ತೊಳೆದ ನೀರು ತೋಡಿಗೆ, ತೋಡಿನಿಂದ ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕಾವೇರಿಗೆ ಸೇರುವಂಥದ್ದು. ಎಣ್ಣೆ ಚೆಲ್ಲದಂತೆ ನೋಡಿಕೊಳ್ಳುವುದು ಕಾಫಿಯ ಕಾರಣಕ್ಕೆ ಮಾತ್ರವಲ್ಲ, ಕೆಳಗಿನ ಗದ್ದೆ ಮತ್ತು ಹೊಳೆಯ ಕಾರಣಕ್ಕೂ ಬೇಕಾಗಿದೆ.

ಪ್ರಶ್ನೆ: ಸೋಮವಾರಪೇಟೆ ಕಡೆ ಮರಗೆಲಸ ಮಾಡುವವನು ನಾನು. ಬ್ರಷ್ ತೊಳೆಯಲು ಇಂಥದೇ ಪಿವಿಸಿ ಪಾತ್ರೆಯನ್ನು ಮಾಡಿ ಥಿನ್ನರ್ ಹಾಕಿಟ್ಟಿದ್ದೆ. ಕೆಲವೇ ದಿನಗಳಲ್ಲಿ ತಳ ಮೆತ್ತಗಾಗಿ ಅಂಟಿನ ಕಡೆ ಬಿಟ್ಟುಕೊಂಡಿತು. ನನ್ನ ಅಂಟಿಸುವಿಕೆಯಲ್ಲಿ ತಪ್ಪಿತ್ತೇ?

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ, ತಪ್ಪಿರುವುದು ದ್ರವದ ಆಯ್ಕೆಯಲ್ಲಿ. ಮೇಲೆ ಹೇಳಿದಂತೆ ಸೊಲ್ಯೂಷನ್ ಕೆಲಸ ಮಾಡುವುದೇ ಪಿವಿಸಿಯನ್ನು ಕರಗಿಸುವ ಮೂಲಕ. ಬಣ್ಣದ ಥಿನ್ನರಿನಲ್ಲಿ ಇರುವ ಟಾಲ್ವೀನ್, ಅಸಿಟೋನ್ ಮೊದಲಾದವೂ ಪಿವಿಸಿಯನ್ನು ಉಬ್ಬಿಸಿ ಮೆತ್ತಗಾಗಿಸುವ ಗುಣದವೇ. ನಿಮ್ಮ ಪಾತ್ರೆಯೊಳಗೆ ಅಂಟನ್ನು ಬಿಡಿಸುವ ಅಂಟೇ ತುಂಬಿತ್ತೆಂದು ತಿಳಿಯಿರಿ. ಸೀಮೆಎಣ್ಣೆ, ಡೀಸೆಲ್, ಎಂಜಿನ್ ಎಣ್ಣೆ, ಅಗಸೆ ಎಣ್ಣೆ, ನೀರು ಬೆರೆಯುವ ಬಿಳಿಯ ಮರದಂಟು, ಅರಗಿನ ಪಾಲಿಶ್ ಮಾಡುವ ಸ್ಪಿರಿಟ್ ಇವುಗಳಿಗೆ ಗಟ್ಟಿ ಪಿವಿಸಿ ಚೆನ್ನಾಗಿ ತಡೆಯುತ್ತದೆ. ಥಿನ್ನರ್, ಅಸಿಟೋನ್, ನೇಲ್ ಪಾಲಿಶ್ ತೆಗೆಯುವ ದ್ರವ ಇವು ಬೇಡವೇ ಬೇಡ. ಕಾಯಿಸಿದ ಮೇಣವೂ ಬೇಡ. 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಪಿವಿಸಿ ತನ್ನ ಆಕಾರವನ್ನು ಬಿಟ್ಟುಕೊಡುತ್ತದೆ.

ಪೆಟ್ರೋಲನ್ನು ಇದರಲ್ಲಿ ಹಾಕಬಹುದೇ ಎಂದು ಹಿಂದೆ ಕೇಳಿದವರಿಗೂ ಇಲ್ಲಿಯೇ ಉತ್ತರಿಸುತ್ತೇನೆ: ಹಾಕಕೂಡದು. ಪೆಟ್ರೋಲಿನಲ್ಲಿರುವ ಕೆಲವು ಅಂಶಗಳು ಪಿವಿಸಿಯನ್ನು ಉಬ್ಬಿಸುತ್ತವೆ ಎಂಬುದು ಸಣ್ಣ ಕಾರಣ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಲು ಎಣ್ಣೆ ಸುಮಾರು 35ರಿಂದ 40 ಡಿಗ್ರಿಯಷ್ಟಾದರೂ ಬಿಸಿಯಾಗಬೇಕು. ಪೆಟ್ರೋಲಿನ ಆವಿಯಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳಬಲ್ಲದು. ಮಡಿಕೇರಿಯ ಡಿಸೆಂಬರ್ ಬೆಳಗಿನ ಚಳಿ ಅದರ ಮುಂದೆ ಏನೇನೂ ಅಲ್ಲ. ಬಾಯಿ ತೆರೆದ ಯಾವ ಪಾತ್ರೆಯಲ್ಲೂ ಪೆಟ್ರೋಲಿನಿಂದ ಬಿಡಿಭಾಗ ತೊಳೆಯುವ ರೂಢಿಯನ್ನು ದಯವಿಟ್ಟು ಬಿಟ್ಟುಬಿಡಿ.

ಥಿನ್ನರಿಗೇ ಚೆಲ್ಲದ ಪಾತ್ರೆ ಬೇಕೆಂದರೆ ತಗಡಿನ ಕೆಲಸದವರಿಂದ ಇದೇ ಆಕಾರದಲ್ಲಿ ಬೆಸುಗೆ ಹಾಕಿಸಿಕೊಳ್ಳಿ. ಬೆಸುಗೆಗೆ ಹೊಸ ಡಬ್ಬವನ್ನೇ ಕೊಡಿ, ಒಮ್ಮೆ ಥಿನ್ನರ್ ಅಥವಾ ಎಣ್ಣೆ ತುಂಬಿದ್ದ ಡಬ್ಬಕ್ಕೆ ಬೆಂಕಿ ತಾಗಿಸುವುದು ಅಪಾಯ. ನಿಮ್ಮ ಹಾಳಾದ ಪಾತ್ರೆಯ ಜಾಗದಲ್ಲಿ ಅದೇ ಹಲಗೆಯ ಮೇಲೆ ಇದನ್ನು ಕೂರಿಸಬಹುದು. ಅಗಸೆ ಎಣ್ಣೆ ಬಳಸುವ ಬಡಗಿಗಳು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು; ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ.

ಪ್ರಶ್ನೆ: ಭಾಗಮಂಡಲದಲ್ಲಿ ಮಳೆಗಾಲವಿಡೀ ಗೋಡೆಯೂ ಒದ್ದೆ. ಇಲ್ಲಿ ಸೊಲ್ಯೂಷನ್ ಸರಿಯಾಗಿ ಹಿಡಿಯುವುದೇ ಇಲ್ಲ. ಏನು ಮಾಡಬೇಕು?

ಉತ್ತರ: ಸಾಧ್ಯವಾದರೆ ಈ ಕೆಲಸವನ್ನು ಮಳೆ ಹಿಡಿಯುವ ಮೊದಲೇ, ಮೇ ತಿಂಗಳಿನೊಳಗೆ ಮುಗಿಸಿಕೊಳ್ಳಿ. ಮಳೆಯಲ್ಲೇ ಮಾಡಬೇಕಾದರೆ ಪೈಪಿನ ತುಂಡುಗಳನ್ನು ಹಿಂದಿನ ರಾತ್ರಿ ಬೆಚ್ಚಗಿನ ಕೋಣೆಯಲ್ಲಿ ಇಟ್ಟು, ಅಂಟಿಸುವ ಮುನ್ನ ಒಣಬಟ್ಟೆಯಿಂದ ಒರೆಸಿ. ಕಣ್ಣಿಗೆ ಕಾಣದ ತೇವದ ಪೊರೆಯೂ ಅಂಟನ್ನು ದುರ್ಬಲಗೊಳಿಸುತ್ತದೆ. ಬೇರೆಡೆ ಒಂದು ದಿನ ಸಾಕಾಗುವ ಕಡೆ ನೀವು ಎರಡು ಪೂರ್ತಿ ದಿನ ಕಾಯಿರಿ. ಸೊಲ್ಯೂಷನ್ನಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಟ್ಟಗೆ ಇಟ್ಟ ಪಾತ್ರೆಯ ತಳದಲ್ಲೇ ನಿಂತು ಅಂಟು ಆರಲು ಬಿಡುವುದಿಲ್ಲ. ಪಾತ್ರೆಯನ್ನು ಎರಡು ಕಡ್ಡಿಗಳ ಮೇಲೆ ಬಾಯಿ ಕೆಳಗಾಗಿ ಇಟ್ಟರೆ ತಳದ ಕಡೆಯ ಆವಿ ತಾನಾಗಿ ಇಳಿದುಹೋಗುತ್ತದೆ. ಬೇಗ ಒಣಗಲೆಂದು ಒಲೆಯ ಬಳಿ ಮಾತ್ರ ಇಡಬೇಡಿ, ಆ ಆವಿ ಬೆಂಕಿಗೆ ಹೊತ್ತಿಕೊಳ್ಳುವಂಥದ್ದು.

ಪ್ರಶ್ನೆ: ಕುಶಾಲನಗರದಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಚೆಲ್ಲದ ಪಾತ್ರೆ ಎಂದ ಮೇಲೆ ಅವರ ಕೈಗೆ ಸಿಕ್ಕರೂ ಭಯವಿಲ್ಲವಲ್ಲವೇ?

ಉತ್ತರ: ಭಯವಿದೆ. ನೆಲಕ್ಕೆ ಚೆಲ್ಲದಂತೆ ಮಾಡಿದ ಪಾತ್ರೆಯನ್ನು ಮಗು ಅಲುಗಾಡಿಸಿದರೆ, ಕೋಲು ಅದ್ದಿ ಬಾಯಿಗಿಟ್ಟರೆ ಒಳಗಿನದು ಹೊರಬರುತ್ತದೆ. ಮಗು ಸೀಮೆಎಣ್ಣೆ ನುಂಗಿದಾಗ ಹೊಟ್ಟೆಗಿಂತ ಹೆಚ್ಚಿನ ಅಪಾಯ ಶ್ವಾಸಕೋಶಕ್ಕೆ. ವಾಂತಿ ಮಾಡಿಸಲು ಹೋದರೆ ಎಣ್ಣೆ ಶ್ವಾಸನಾಳಕ್ಕೆ ಇಳಿಯುವುದರಿಂದ ಖಂಡಿತ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪಾತ್ರೆಗೆ ಹೊರಗಿನಿಂದ ಕೆಂಪು ಬಣ್ಣ ಬಳಿದು ಒಳಗೇನಿದೆ ಎಂದು ದೊಡ್ಡದಾಗಿ ಬರೆಯಿರಿ, ಕೆಲಸ ಮುಗಿದೊಡನೆ ಮುಚ್ಚಳ ಹಾಕಿ ಬೀಗವಿರುವ ಕಪಾಟಿನಲ್ಲಿಡಿ.

ಪ್ರಶ್ನೆ: ವಿರಾಜಪೇಟೆಯವನಾದ ನಾನು ಇಂಥ ಪಾತ್ರೆಯನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಒಂದೂ ಹನಿ ಚೆಲ್ಲಿಲ್ಲ. ಆದರೆ ಕೊಳೆಯಾದ ಸೀಮೆಎಣ್ಣೆಯನ್ನು ಬದಲಿಸಲು ಹೋದರೆ ಬಗ್ಗಿಸಿದರೂ ಬರುವುದಿಲ್ಲ. ಖಾಲಿ ಮಾಡುವುದು ಹೇಗೆ?

ಉತ್ತರ: ಪಾತ್ರೆ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. ದನಕರುಗಳಿಗೆ ಔಷಧ ಕುಡಿಸಲು ಬಳಸುವಂಥ 50 ಮಿ.ಲೀ. ಸಿರಿಂಜಿನ ತುದಿಗೆ ಒಂದು ಗೇಣುದ್ದದ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸಿ, ಬಾಯಿಯಿಂದ ತಳದವರೆಗೆ ಇಳಿಸಿ ಎಳೆಯಿರಿ. ಮೂರು ನಾಲ್ಕು ಬಾರಿಗೆ ಖಾಲಿಯಾಗುತ್ತದೆ. ಎಣ್ಣೆಗೆ ಬಳಸಿದ ಸಿರಿಂಜನ್ನು ಮತ್ತೆ ಔಷಧಕ್ಕೆ ಬಳಸಬೇಡಿ, ಬಾಯಿಯಿಂದಲಂತೂ ಎಂದೂ ಎಳೆಯಬೇಡಿ. ನೀರು ಬೆರೆಯುವ ಅಂಟಿನ ಪಾತ್ರೆ ಮಾಡುವವರು ಮೇಲಿನ ಕ್ಯಾಪಿನ ಅಂಚಿನ ಬಳಿ ನೀರಿನ ತೊಟ್ಟಿಗೆ ಕೊಳವೆ ಜೋಡಿಸಲು ಬಳಸುವ ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ ಕೂರಿಸಿ ಅದಕ್ಕೊಂದು ಪ್ಲಗ್ ಹಾಕಿಟ್ಟರೆ, ಪಾತ್ರೆಯನ್ನು ಆ ಕಡೆಗೆ ಮಗುಚಿ ಸುಲಭವಾಗಿ ತೊಳೆಯಬಹುದು. ಸೀಮೆಎಣ್ಣೆಯ ಪಾತ್ರೆಗೆ ಅದನ್ನು ನಾನು ಹೇಳುವುದಿಲ್ಲ. ನಿಪ್ಪಲ್ಲಿನ ರಬ್ಬರ್ ವಾಷರ್ ಉಬ್ಬಿ ಅಲ್ಲಿಂದ ಜಿನುಗು ಶುರುವಾಗುತ್ತದೆ.

ಎಳೆದ ಕೊಳೆ ಸೀಮೆಎಣ್ಣೆಯನ್ನು ಬಿಗಿಯಾದ ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಒಂದು ವಾರ ಅಲುಗಾಡಿಸದೆ ಇಡಿ. ಕೊಳೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಅದೇ ಸಿರಿಂಜಿನಿಂದ ತೆಗೆದು ಮತ್ತೆ ತೊಳೆಯಲು ಬಳಸಬಹುದು. ಉಳಿದ ಗಸಿಯನ್ನು ಮರದ ಹೊಟ್ಟಿಗೆ ಹೀರಿಸಿ, ತೋಡಿಗಾಗಲಿ ಗೊಬ್ಬರದ ಗುಂಡಿಗಾಗಲಿ ಹಾಕದೆ ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಮನೆಯಿಂದ ದೂರವಿಡಿ. ಹಳೆಯ ಎಂಜಿನ್ ಎಣ್ಣೆ ಕೊಳ್ಳುವವರಿಗೆ ಕೊಳೆ ಸೀಮೆಎಣ್ಣೆಯನ್ನೂ ಆ ಎಣ್ಣೆಯೊಂದಿಗೆ ಬೆರೆಸಿ ಕೊಡಬೇಡಿ, ಬೇರೆಯಾಗಿಯೇ ತೋರಿಸಿ ಕೇಳಿ ಕೊಡಿ.